ಮುಪ್ಪಿನಲ್ಲಿ ಸ್ನಾಯುಗಳ ಮರುಹುಟ್ಟು

ಸಂಸ್ಕೃತದಲ್ಲಿ ವೃದ್ಧಾಪ್ಯಕ್ಕೆ ‘ಜರಾ’ ಎಂದು ಹೆಸರು. ಸವೆಯುವುದು, ಜೀರ್ಣವಾಗುವುದು ಎಂಬ ಅರ್ಥವುಳ್ಳ ಧಾತುವಿನಿಂದ ಆ ಶಬ್ದ ಹುಟ್ಟಿದೆ. ಕನ್ನಡದ ‘ಮುಪ್ಪು’ ಎಂಬ ಮಾತಾದರೋ ‘ಮುದು’ ಎಂಬ ಮೂಲದಿಂದ ಬಂದುದು. ಬಲಿತದ್ದು, ಬಹುಕಾಲ ಬಾಳಿದ್ದು ಎಂಬುದು ಅದರ ಭಾವ. ಒಂದು ಶಬ್ದ ಸವೆತವನ್ನು ಸೂಚಿಸಿದರೆ ಇನ್ನೊಂದು ಬಲಿತವನ್ನು ಸೂಚಿಸುತ್ತದೆ. ವಯಸ್ಸು ಏರಿದಂತೆ ಮನುಷ್ಯನ ಮೈಯಲ್ಲಿ ನಿಜವಾಗಿ ನಡೆಯುವುದು ಯಾವುದು? ಎಣ್ಣೆ ತೀರಿದ ಹಣತೆಯಂತೆ ದೇಹದ ಮೂಲದ್ರವ್ಯವೇ ಬರಿದಾಗುತ್ತದೆಯೋ, ಅಥವಾ ದ್ರವ್ಯವಿದ್ದರೂ ಅದನ್ನು ಎಚ್ಚರಿಸುವ ಬಗೆ ಕೆಡುತ್ತದೆಯೋ? ಈ ಪ್ರಶ್ನೆಗೆ ಸ್ನಾಯುಗಳ ವಿಷಯದಲ್ಲಿ ಕಳೆದ ಅರವತ್ತು ವರ್ಷಗಳಿಂದ ವಿಜ್ಞಾನಿಗಳು ಉತ್ತರ ಹುಡುಕುತ್ತ ಬಂದಿದ್ದಾರೆ. ದೊರೆತಿರುವ ಉತ್ತರ ಪ್ರತಿಯೊಂದು ಮನೆಯ ಹಿರಿಯರಿಗೂ ಅವರನ್ನು ನೋಡಿಕೊಳ್ಳುವ ಕಿರಿಯರಿಗೂ ಸಂಬಂಧಪಟ್ಟುದಾಗಿದೆ.

ಕಬಡ್ಡಿಯ ಅಂಕಣದಲ್ಲಿ ಬಿದ್ದು ತೊಡೆಯ ಸ್ನಾಯುವನ್ನು ಹರಿದುಕೊಂಡ ಹದಿನೈದರ ಬಾಲಕ ಕೆಲವು ವಾರಗಳಲ್ಲಿ ಮತ್ತೆ ಅಂಕಣಕ್ಕೆ ಇಳಿಯುತ್ತಾನೆ. ಅಂಥದೇ ಪೆಟ್ಟು ಎಪ್ಪತ್ತೈದರ ಹಿರಿಯರಿಗೆ ತಗುಲಿದರೆ ತಿಂಗಳುಗಳು ಉರುಳಿದರೂ ಕಾಲಿನ ಬಲ ಹಿಂದಿನಂತೆ ಆಗದು. ಇದು ಎಲ್ಲರ ಅನುಭವಕ್ಕೂ ಬಂದ ಸಂಗತಿ. ಸ್ವಾತಂತ್ರ್ಯ ಬಂದ ಕಾಲದಲ್ಲಿ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷವಿತ್ತು. ಈಗ ಅದು 70ರ ಆಸುಪಾಸಿನಲ್ಲಿದೆ. ಮುಳಬಾಗಿಲಿನಲ್ಲಿ 1887ರಲ್ಲಿ ಜನಿಸಿದ ಡಿ. ವಿ. ಗುಂಡಪ್ಪನವರು 1975ರವರೆಗೆ, ಎಂಬತ್ತೆಂಟು ವರ್ಷಗಳ ಕಾಲ ಬಾಳಿದುದು ಅಂದಿಗೆ ವಿರಳ. ಇಂದು ಅಷ್ಟು ವಯಸ್ಸಿನವರು ಊರೂರಿನಲ್ಲಿಯೂ ಕಾಣಸಿಗುತ್ತಾರೆ. 2011ರ ಜನಗಣತಿಯಲ್ಲಿಯೇ 60 ವರ್ಷ ದಾಟಿದವರು ದೇಶದಲ್ಲಿ 10 ಕೋಟಿಗೂ ಮಿಕ್ಕಿದ್ದರು. ಆಯುಷ್ಯವೇನೋ ಬೆಳೆಯಿತು. ಬೆಳೆದ ಆಯುಷ್ಯವನ್ನು ತಮ್ಮ ಕಾಲಮೇಲೆ ತಾವು ನಿಂತು ಕಳೆಯುವುದು ಹೇಗೆಂಬುದೇ ಈಗಿನ ಪ್ರಶ್ನೆ.

ಈ ಪ್ರಶ್ನೆಯ ಒಂದು ಮುಖವನ್ನು ಅರಸಿ ವಿಜ್ಞಾನವು ಕೋಲಾರ ಜಿಲ್ಲೆಗೇ ಬಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರವು 2018ರಲ್ಲಿ, ಮುಳಬಾಗಿಲಿಗೆ ನೆರೆಯದಾದ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಒಂದು ದೀರ್ಘಕಾಲದ ಅಧ್ಯಯನವನ್ನು ಆರಂಭಿಸಿತು. ನಲವತ್ತೈದು ವರ್ಷ ತುಂಬಿದ ಹತ್ತು ಸಾವಿರ ಗ್ರಾಮಸ್ಥರನ್ನು ಮತ್ತೆ ಮತ್ತೆ ಪರೀಕ್ಷಿಸುತ್ತ, ವಯಸ್ಸಿನೊಡನೆ ಅವರಲ್ಲಿ ಆಗುವ ಬದಲಾವಣೆಗಳನ್ನು ಗುರುತಿಸುವುದು ಅದರ ಸಂಕಲ್ಪ. ಆ ಅಧ್ಯಯನದ ಮುಖ್ಯ ಗಮನ ಮಿದುಳು ಮತ್ತು ಸ್ಮರಣಶಕ್ತಿಗಳ ಕಡೆಗೆ. ಆದರೆ ಮಿದುಳಿನ ಆಜ್ಞೆಯನ್ನು ನಡೆಸಿಕೊಡುವ ಸೇವಕನಾದ ಸ್ನಾಯುವಿಗೂ ಮುಪ್ಪು ಬರುತ್ತದೆ. ಅದರ ಕಥೆಯೂ ಅಷ್ಟೇ ವಿಚಾರಾರ್ಹವಾದುದು.

ಸ್ನಾಯುವಿನ ರಚನೆ

ಮೊದಲು ಶಬ್ದದ ವಿಷಯವಾಗಿ ಒಂದು ಮಾತು. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಐನೂರು ಪೇಶಿಗಳನ್ನೂ ಒಂಬೈನೂರು ಸ್ನಾಯುಗಳನ್ನೂ ಎಣಿಸಲಾಗಿದೆ. ಅಲ್ಲಿ ‘ಪೇಶಿ’ ಎಂದರೆ ಮಾಂಸದ ಖಂಡ. ‘ಸ್ನಾಯು’ ಎಂದರೆ ಕಟ್ಟಿ ಹಿಡಿಯುವ ನಾರು. ಇಂದಿನ ಕನ್ನಡ ಪಠ್ಯಪುಸ್ತಕಗಳಲ್ಲಿ ಮಾಂಸಖಂಡಕ್ಕೇ ಸ್ನಾಯುವೆಂಬ ಹೆಸರು ನೆಲೆಗೊಂಡಿದೆ. ಈ ಲೇಖನದಲ್ಲಿಯೂ ಆ ರೂಢಿಯನ್ನೇ ಅನುಸರಿಸಲಾಗಿದೆ.

ಮನುಷ್ಯನ ದೇಹದಲ್ಲಿ ಅಸ್ಥಿಪಂಜರಕ್ಕೆ ಅಂಟಿಕೊಂಡ ಸ್ನಾಯುಗಳು ಆರುನೂರಕ್ಕೂ ಹೆಚ್ಚು. ಆರೋಗ್ಯವಂತ ವಯಸ್ಕರ ತೂಕದಲ್ಲಿ ಮೂರನೆಯ ಒಂದು ಭಾಗ ಅಥವಾ ಅದಕ್ಕಿಂತ ಹೆಚ್ಚು ಇವುಗಳದೇ. ಒಂದೊಂದು ಸ್ನಾಯುವೂ ಅಸಂಖ್ಯಾತ ಎಳೆಗಳ ಕಟ್ಟು. ಈ ಎಳೆಯ ಸ್ವಭಾವ ವಿಶೇಷವಾದುದು. ದೇಹದ ಬಹುಪಾಲು ಜೀವಕೋಶಗಳಿಗೆ ಒಂದೊಂದೇ ಬೀಜಕೇಂದ್ರವಿರುವಾಗ, ಸ್ನಾಯುವಿನ ಎಳೆಯೊಂದರಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಬೀಜಕೇಂದ್ರಗಳಿರುತ್ತವೆ. ಭ್ರೂಣಾವಸ್ಥೆಯಲ್ಲಿ ಬಿಡಿಬಿಡಿಯಾಗಿದ್ದ ಕೋಶಗಳು ಒಂದರೊಡನೊಂದು ಬೆಸೆದುಕೊಂಡು ಒಂದೇ ಉದ್ದನೆಯ ಎಳೆಯಾಗುವುದೇ ಇದಕ್ಕೆ ಕಾರಣ. ಹೀಗೆ ಬೆಸೆದುಕೊಂಡ ಮೇಲೆ ಆ ಬೀಜಕೇಂದ್ರಗಳು ಮತ್ತೆ ಇಬ್ಭಾಗವಾಗಲಾರವು. ಎಂದರೆ, ಸ್ನಾಯುವಿನ ಎಳೆಗೆ ದುಡಿಯುವ ಶಕ್ತಿಯುಂಟು, ಸಂತಾನವೃದ್ಧಿಯ ಶಕ್ತಿಯಿಲ್ಲ.

ಹಾಗಾದರೆ ಹರಿದ ಸ್ನಾಯು ಕೂಡಿಕೊಳ್ಳುವುದು ಹೇಗೆ? ಗರಡಿಮನೆಯಲ್ಲಿ ಮೊದಲ ದಿನ ದಂಡೆ ಬಸ್ಕಿಗಳನ್ನು ಹೊಡೆದವನ ತೊಡೆ ಮರುದಿನ ನೋಯುವುದು ಎಲ್ಲರಿಗೂ ಗೊತ್ತು. ರೂಢಿಯಿಲ್ಲದ ಶ್ರಮದಿಂದ ಎಳೆಗಳಲ್ಲಿ ಅತಿಸೂಕ್ಷ್ಮವಾದ ಹರಿತಗಳು ಉಂಟಾಗುತ್ತವೆ. ಕೆಲವು ದಿನಗಳಲ್ಲಿ ನೋವು ಅಡಗುತ್ತದೆ. ಅಭ್ಯಾಸ ಮುಂದುವರಿದರೆ ತೊಡೆ ಮೊದಲಿಗಿಂತ ಗಟ್ಟಿಯಾಗುತ್ತದೆ. ತಾನೇ ಹೆಚ್ಚಲಾರದ ಎಳೆಗೆ ಹೊಸ ದ್ರವ್ಯವನ್ನು ತಂದುಕೊಡುವವರು ಯಾರೋ ಇರಲೇಬೇಕಷ್ಟೆ.

ಮಲಗಿರುವ ಬೀಜಗಳು

ಆ ಸಹಾಯಕನನ್ನು 1961ರಲ್ಲಿ ಅಮೆರಿಕದ ರಾಕ್‌ಫೆಲ್ಲರ್ ಸಂಸ್ಥೆಯ ಅಲೆಕ್ಸಾಂಡರ್ ಮೌರೊ ಎಂಬ ವಿಜ್ಞಾನಿ ಗುರುತಿಸಿದರು. ಕಪ್ಪೆಯ ಸ್ನಾಯುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸುತ್ತಿದ್ದಾಗ, ಎಳೆಯ ಪೊರೆಗೂ ಅದನ್ನು ಸುತ್ತಿದ ತೆಳುವಾದ ಹೊರಕವಚಕ್ಕೂ ನಡುವೆ ಒತ್ತಿಕೊಂಡು ಮಲಗಿದ್ದ ಪುಟ್ಟ ಕೋಶಗಳು ಅವರ ಕಣ್ಣಿಗೆ ಬಿದ್ದವು. ಎಳೆಯ ಅಂಚಿನಲ್ಲಿ ಅದಕ್ಕೆ ಸೇರಿಯೂ ಸೇರದಂತೆ ಇದ್ದುದರಿಂದ ಅವಕ್ಕೆ ‘ಉಪಗ್ರಹ ಕೋಶ’ಗಳೆಂಬ ಹೆಸರನ್ನು ಕೊಟ್ಟರು. ಇವೇ ಸ್ನಾಯುವಿನ ಆಕರಕೋಶಗಳು. ಪ್ಯಾಕ್ಸ್-7 ಎಂಬ ವಂಶವಾಹಿಯು ಇವುಗಳ ಇರವಿಗೆ ಅವಶ್ಯವೆಂದು 2000ದಲ್ಲಿ ತಿಳಿದುಬಂದ ಮೇಲೆ, ಇವನ್ನು ಗುರುತುಹಿಡಿದು ಬೇರ್ಪಡಿಸುವುದು ಸುಲಭವಾಯಿತು.

‘ಆಕರ’ವೆಂದರೆ ಗಣಿ. ಕೋಲಾರದ ಜನಕ್ಕೆ ಗಣಿಯ ಪರಿಚಯವನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಚಿನ್ನದ ಗಣಿಗೂ ಈ ಆಕರಕ್ಕೂ ಒಂದು ಮುಖ್ಯ ವ್ಯತ್ಯಾಸವುಂಟು. ಅಗೆದಂತೆಲ್ಲ ಅದಿರು ಕಡಿಮೆಯಾಗಿ, ಆಳ ಹೆಚ್ಚಾಗಿ, ಖರ್ಚು ಹುಟ್ಟದೆ ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿಹೋದವು. ಸ್ನಾಯುವಿನ ಆಕರವಾದರೋ ಬಿತ್ತನೆಯ ಬೀಜದ ಹಾಗೆ. ರೈತನು ರಾಗಿಯ ಸುಗ್ಗಿಯಲ್ಲಿ ಒಳ್ಳೆಯ ತೆನೆಗಳನ್ನು ಆರಿಸಿ, ಬೂದಿ ಬೆರೆಸಿ, ಮಡಕೆಯ ಬಾಯಿ ಕಟ್ಟಿ ಇಡುತ್ತಾನೆ. ಆ ಬೀಜ ಸತ್ತಿಲ್ಲ, ಬೆಳೆಯುತ್ತಲೂ ಇಲ್ಲ. ಮಳೆಗಾಗಿ ಕಾದು ಮಲಗಿದೆ. ಮಳೆ ಬಿದ್ದು ಬಿತ್ತಿದಾಗ ಬೆಳೆಯಾಗುತ್ತದೆ. ಆ ಬೆಳೆಯಲ್ಲಿಯೇ ಮುಂದಿನ ವರ್ಷದ ಬೀಜವೂ ದೊರೆಯುತ್ತದೆ.

ಉಪಗ್ರಹ ಕೋಶದ ನಡತೆ ಇದೇ ಬಗೆಯದು. ಸ್ನಾಯುವಿಗೆ ಪೆಟ್ಟು ತಗುಲಿದೊಡನೆ ಮೊದಲು ರಕ್ತದ ಬಿಳಿಯ ಕಣಗಳು ಧಾವಿಸಿ, ಹರಿದ ಎಳೆಗಳ ಚೂರುಗಳನ್ನು ನುಂಗಿ ಸ್ಥಳವನ್ನು ಹಸನುಮಾಡುತ್ತವೆ. ಅಷ್ಟರಲ್ಲಿ ಮಲಗಿದ್ದ ಕೋಶಗಳು ಎಚ್ಚರಗೊಂಡು ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತವೆ. ಹೆಚ್ಚಿದವುಗಳಲ್ಲಿ ಬಹುಪಾಲು ಒಂದರೊಡನೊಂದು ಬೆಸೆದು ಹೊಸ ಎಳೆಗಳಾಗುತ್ತವೆ, ಇಲ್ಲವೆ ಹಳೆಯ ಎಳೆಯ ಗಾಯವನ್ನು ತುಂಬುತ್ತವೆ. ಉಳಿದ ಕೆಲವು ಮಾತ್ರ ಬೆಸೆಯದೆ ಹಿಂತಿರುಗಿ ಮತ್ತೆ ಎಳೆಯ ಅಂಚಿನಲ್ಲಿ ಮಲಗುತ್ತವೆ; ಅವೇ ಮುಂದಿನ ಪೆಟ್ಟಿಗೆ ಕಾದಿಟ್ಟ ಬೀಜ. ಈ ಬೀಜದ ಸತ್ತ್ವ ಎಷ್ಟೆಂಬುದನ್ನು 2005ರಲ್ಲಿ ಲಂಡನ್ನಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಒಂದು ಇಲಿಯಿಂದ ತೆಗೆದ ಒಂದೇ ಒಂದು ಎಳೆಯನ್ನು, ಅದರ ಮೇಲಿದ್ದ ಉಪಗ್ರಹ ಕೋಶಗಳ ಸಮೇತ, ಇನ್ನೊಂದು ಇಲಿಯ ಸ್ನಾಯುವಿನಲ್ಲಿ ನೆಟ್ಟರು. ಏಳರಷ್ಟು ಕೋಶಗಳಿಂದಲೇ ನೂರಕ್ಕೂ ಹೆಚ್ಚು ಹೊಸ ಎಳೆಗಳು ಹುಟ್ಟಿದವು.

ಬೆಂಗಳೂರಿನ ನೊಣ

ಈ ವಿದ್ಯೆಯಲ್ಲಿ ಕರ್ನಾಟಕದ ಪಾಲೂ ಇದೆ. ಮುಳಬಾಗಿಲಿಗೆ ಸುಮಾರು ನೂರು ಕಿಲೋಮೀಟರು ದೂರದಲ್ಲಿ, ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಜಿ.ಕೆ.ವಿ.ಕೆ. ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಿದೆ. ಅಲ್ಲಿ ಕೆ. ವಿಜಯರಾಘವನ್ ಮತ್ತು ಅವರ ಸಹೋದ್ಯೋಗಿಗಳು ಬಹುಕಾಲದಿಂದ ಹಣ್ಣಿನ ನೊಣದ ಸ್ನಾಯುಗಳನ್ನು ಕುರಿತು ಸಂಶೋಧನೆ ನಡೆಸಿದ್ದರು. ಬಾಳೆಹಣ್ಣಿನ ಮೇಲೆ ಮುತ್ತುವ ಈ ಪುಟ್ಟ ನೊಣದ ರೆಕ್ಕೆಯನ್ನು ಬಡಿಯುವ ಸ್ನಾಯುವಿನಲ್ಲಿ ಉಪಗ್ರಹ ಕೋಶಗಳಿಲ್ಲವೆಂದೇ ಅದುವರೆಗೆ ನಂಬಲಾಗಿತ್ತು. 2017ರಲ್ಲಿ ಧನಂಜಯ ಚತುರ್ವೇದಿ ಮೊದಲಾದವರು ವಿಜಯರಾಘವನ್ ಅವರೊಡನೆ ಪ್ರಕಟಿಸಿದ ಪ್ರಬಂಧವು, ಅಂಥ ಕೋಶಗಳು ನೊಣದಲ್ಲಿಯೂ ಮಲಗಿರುತ್ತವೆಂದು ತೋರಿಸಿತು. ಸ್ನಾಯುವಿಗೆ ಗಾಯವಾದಾಗ ‘ನಾಚ್’ ಎಂಬ ಸಂಕೇತವ್ಯವಸ್ಥೆಯ ಮೂಲಕ ಅವು ಎಚ್ಚೆತ್ತು ಹೆಚ್ಚುತ್ತವೆ ಎಂಬುದೂ ಅದರಿಂದ ತಿಳಿಯಿತು.

ನೊಣಕ್ಕೂ ಮನುಷ್ಯನಿಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವು ಆ ಸಂಕೇತದಲ್ಲಿಯೇ ಇದೆ. ಗಾಯಗೊಂಡ ಎಳೆಯು ಪಕ್ಕದ ಕೋಶದ ಬಾಗಿಲನ್ನು ತಟ್ಟಿ ‘ಏಳು’ ಎಂದು ಹೇಳುವ ಈ ಕ್ರಮ ನೊಣದಲ್ಲಿಯೂ ಇಲಿಯಲ್ಲಿಯೂ ಒಂದೇ. ಕೋಟ್ಯಂತರ ವರ್ಷಗಳಿಂದ ಜೀವಸಂಕುಲವು ಕಾಪಾಡಿಕೊಂಡು ಬಂದ ಏರ್ಪಾಡು ಇದು. ಬೆಂಗಳೂರಿನಲ್ಲಿ 2009ರಲ್ಲಿ ಆರಂಭವಾದ ಆಕರಕೋಶ ವಿಜ್ಞಾನ ಸಂಸ್ಥೆಯ ಕಟ್ಟುವಿಕೆಯಲ್ಲಿ ಮುಖ್ಯ ಪಾತ್ರ ವಹಿಸಿದ ಜ್ಯೋತ್ಸ್ನಾ ಧವನ್ ಅವರ ಸಂಶೋಧನೆಯ ವಸ್ತುವೂ ಇಂಥದೇ: ಈ ಕೋಶಗಳು ಮಲಗುವುದು ಹೇಗೆ, ಮಲಗಿದ್ದೂ ಎಚ್ಚರಗೊಳ್ಳುವ ಶಕ್ತಿಯನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದು. ನಿದ್ರೆಯೆಂದರೆ ಬರಿಯ ನಿಷ್ಕ್ರಿಯತೆಯಲ್ಲ, ಅದೂ ಎಚ್ಚರಿಕೆಯಿಂದ ನಡೆಸಿಕೊಂಡು ಹೋಗಬೇಕಾದ ಒಂದು ಸ್ಥಿತಿ ಎಂಬುದು ಇಂಥ ಸಂಶೋಧನೆಗಳಿಂದ ಸ್ಪಷ್ಟವಾಗಿದೆ.

ಮುಪ್ಪಿನಲ್ಲಿ ಆಗುವುದೇನು?

ವಯಸ್ಸಾದಂತೆ ಈ ವ್ಯವಸ್ಥೆಯಲ್ಲಿ ಹಲವು ಕಡೆ ಸಡಿಲ ಕಾಣಿಸಿಕೊಳ್ಳುತ್ತದೆ. ಅವುಗಳನ್ನು ಒಂದೊಂದಾಗಿ ಹೇಳಬಹುದು.

ಮೊದಲನೆಯದು, ಸಂಖ್ಯೆಯ ಇಳಿತ. ಸ್ನಾಯುವಿನಲ್ಲಿ ನಿಧಾನವಾಗಿ ದಣಿಯದೆ ದುಡಿಯುವ ಎಳೆಗಳೂ, ಥಟ್ಟನೆ ಬಲವನ್ನು ತೋರುವ ಚುರುಕಿನ ಎಳೆಗಳೂ ಇರುತ್ತವೆ. ಎಡವಿದಾಗ ಕ್ಷಣಮಾತ್ರದಲ್ಲಿ ಕಾಲನ್ನು ಮುಂದಿಟ್ಟು ಬೀಳದಂತೆ ಕಾಪಾಡುವವು ಎರಡನೆಯ ಬಗೆಯವು. ಮುಪ್ಪಿನಲ್ಲಿ ಉಪಗ್ರಹ ಕೋಶಗಳು ವಿಶೇಷವಾಗಿ ಕಡಿಮೆಯಾಗುವುದು ಈ ಚುರುಕಿನ ಎಳೆಗಳಲ್ಲಿ.

ಎರಡನೆಯದು, ಕರೆಯ ದುರ್ಬಲತೆ. ಇಲಿಗಳ ವಯಸ್ಸಾದ ಸ್ನಾಯುವಿನಲ್ಲಿ ಗಾಯವಾದಾಗ ಮೇಲೆ ಹೇಳಿದ ನಾಚ್ ಸಂಕೇತವು ಸಾಕಷ್ಟು ಏಳುವುದಿಲ್ಲವೆಂದು 2003ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಕಂಡುಕೊಂಡರು. ಬಾಗಿಲನ್ನು ತಟ್ಟುವ ಕೈಯೇ ಸೋತಿತು. ಒಳಗಿನವನು ಏಳುವುದು ತಡವಾಯಿತು. ಆ ಸಂಕೇತವನ್ನು ಕೃತಕವಾಗಿ ಬಲಪಡಿಸಿದಾಗ ಮುದಿ ಇಲಿಯ ಸ್ನಾಯುವೂ ಚೆನ್ನಾಗಿ ಕೂಡಿಕೊಂಡಿತು.

ಮೂರನೆಯದು, ನಿದ್ರಾಭಂಗ. 2012ರಲ್ಲಿ ತಿಳಿದುಬಂದಂತೆ ವಯಸ್ಸಾದ ಎಳೆಯು ಎಫ್.ಜಿ.ಎಫ್.-2 ಎಂಬ ಪ್ರಚೋದಕವನ್ನು ಅಕಾಲದಲ್ಲಿ ಸ್ರವಿಸುತ್ತದೆ. ಗಾಯವಿಲ್ಲದಿದ್ದರೂ ಕೋಶಗಳು ಕೆಣಕಿಸಿಕೊಂಡು, ಮಲಗಲಾರದೆ, ತಮ್ಮ ಮೂಲಶಕ್ತಿಯನ್ನು ವ್ಯರ್ಥಮಾಡಿಕೊಳ್ಳುತ್ತವೆ. ಮಳೆಯಿಲ್ಲದಾಗ ಮಡಕೆಗೆ ತೇವ ತಗುಲಿ ಬೀಜ ಮೊಳೆತುಬಿಟ್ಟರೆ ಬಿತ್ತನೆಯ ಕಾಲಕ್ಕೆ ಏನು ಉಳಿದೀತು?

ನಾಲ್ಕನೆಯದು, ಕಸದ ಸಂಚಯ. ಮಲಗಿರುವ ಕೋಶವೂ ತನ್ನೊಳಗೆ ಹಾಳಾದ ಅಂಶಗಳನ್ನು ದಿನದಿನವೂ ತಾನೇ ಜೀರ್ಣಿಸಿಕೊಂಡು ಶುಚಿಯಾಗಿರಬೇಕು. ಈ ಶುಚೀಕರಣವು ಮುಪ್ಪಿನಲ್ಲಿ ಕುಂಠಿತವಾಗುವುದರಿಂದ ಆಕರಕೋಶದ ಗುಣವೇ ಕುಂದುತ್ತದೆ ಎಂಬುದು 2016ರಲ್ಲಿ ಸ್ಪೇನ್ ದೇಶದ ಸಂಶೋಧಕರ ನಿರ್ಣಯ.

ಐದನೆಯದು, ಕಳೆಯ ಹಾವಳಿ. ಮುದಿಯಾದ ಸ್ನಾಯುವಿನಲ್ಲಿ ಗಾಯವಾದ ಜಾಗವನ್ನು ಹೊಸ ಎಳೆಗಳಿಗೆ ಬದಲಾಗಿ ನಾರೂ ಕೊಬ್ಬೂ ಆಕ್ರಮಿಸುತ್ತವೆ. ವಯಸ್ಸಾದ ದೇಹದ ಪರಿಸರವು ಆಕರಕೋಶಗಳನ್ನೇ ನಾರಿನ ದಾರಿಗೆ ತಿರುಗಿಸಬಲ್ಲುದೆಂದು 2007ರಲ್ಲಿ ವರದಿಯಾಯಿತು. ಪೈರು ಬರಬೇಕಾದ ಹೊಲದಲ್ಲಿ ಗರಿಕೆ ಹಬ್ಬಿದಂತೆ ಇದು.

ಬೀಜವೋ, ನೆಲವೋ?

ಈಗ ಮೊದಲ ಪ್ರಶ್ನೆಗೆ ಬರಬಹುದು. ಬೆಳೆ ಕೆಟ್ಟರೆ ರೈತನು ಎರಡು ಬಗೆಯಲ್ಲಿ ಯೋಚಿಸುತ್ತಾನೆ: ಬೀಜ ಕೆಟ್ಟಿತೋ, ನೆಲ ಕೆಟ್ಟಿತೋ? ಪರೀಕ್ಷಿಸುವ ದಾರಿ ಸರಳ. ಹಳೆಯ ಬೀಜವನ್ನು ಹೊಸ ನೆಲದಲ್ಲಿಯೂ ಹೊಸ ಬೀಜವನ್ನು ಹಳೆಯ ನೆಲದಲ್ಲಿಯೂ ಬಿತ್ತಿ ನೋಡುವುದು.

1989ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಬ್ರೂಸ್ ಕಾರ್ಲ್‌ಸನ್ ಮತ್ತು ಜಾನ್ ಫಾಕ್ನರ್ ಎಂಬವರು ಮಾಡಿದುದು ಇದನ್ನೇ. ಅವರು ಮುದಿ ಇಲಿಯ ಕಾಲಿನ ಸ್ನಾಯುವನ್ನು ಎಳೆಯ ಇಲಿಗೂ, ಎಳೆಯ ಇಲಿಯ ಸ್ನಾಯುವನ್ನು ಮುದಿ ಇಲಿಗೂ ಕಸಿಮಾಡಿದರು. ಮುದಿ ಸ್ನಾಯು ಎಳೆಯ ದೇಹದಲ್ಲಿ ಎಳೆಯದರಷ್ಟೇ ಚೆನ್ನಾಗಿ ಚೇತರಿಸಿಕೊಂಡಿತು. ಎಳೆಯ ಸ್ನಾಯುವಾದರೋ ಮುದಿ ದೇಹದಲ್ಲಿ ಮುದಿಯದರಂತೆಯೇ ಸೊರಗಿತು. ಚೇತರಿಕೆಯನ್ನು ನಿರ್ಧರಿಸಿದುದು ಸ್ನಾಯುವಿನ ವಯಸ್ಸಲ್ಲ, ಅದಕ್ಕೆ ಆಶ್ರಯ ಕೊಟ್ಟ ದೇಹದ ವಯಸ್ಸು.

2005ರಲ್ಲಿ ಸ್ಟ್ಯಾನ್‌ಫರ್ಡಿನ ಐರಿನಾ ಕಾನ್‌ಬಾಯ್, ಥಾಮಸ್ ರ್‍ಯಾಂಡೊ ಮೊದಲಾದವರು ಇನ್ನೂ ಮುಂದೆ ಹೋದರು. ಒಂದು ಎಳೆಯ ಇಲಿಯನ್ನೂ ಒಂದು ಮುದಿ ಇಲಿಯನ್ನೂ ಶಸ್ತ್ರಕ್ರಿಯೆಯಿಂದ ಜೋಡಿಸಿ ಎರಡರ ರಕ್ತವೂ ಒಂದರಲ್ಲೊಂದು ಹರಿಯುವಂತೆ ಮಾಡಿದರು. ಮುದಿ ಇಲಿಯ ಗಾಯಗೊಂಡ ಸ್ನಾಯು ಚುರುಕಾಗಿ ಕೂಡಿಕೊಂಡಿತು. ಎಳೆಯ ಇಲಿಯ ಕೋಶಗಳು ಬಂದು ಈ ಕೆಲಸ ಮಾಡಿದವೇ ಎಂದು ಪರೀಕ್ಷಿಸಿದಾಗ ಹಾಗಲ್ಲವೆಂದು ತಿಳಿಯಿತು. ಎದ್ದು ದುಡಿದವು ಮುದಿ ಇಲಿಯ ಸ್ವಂತ ಕೋಶಗಳೇ. ಅವು ಅಷ್ಟು ದಿನವೂ ಅಲ್ಲಿಯೇ ಇದ್ದವು. ಅವಕ್ಕೆ ತಲುಪಬೇಕಾದ ಕರೆ ತಲುಪಿರಲಿಲ್ಲ.

ಇದರಿಂದ ಎಳೆಯರ ರಕ್ತವೇ ಅಮೃತವೆಂದು ಭಾವಿಸಕೂಡದು. 2020ರಲ್ಲಿ ಬರ್ಕ್ಲಿಯ ಸಂಶೋಧಕರು ಮುದಿ ಇಲಿಗಳ ರಕ್ತದ್ರವದ ಅರ್ಧದಷ್ಟನ್ನು ತೆಗೆದು, ಅದರ ಸ್ಥಾನದಲ್ಲಿ ಉಪ್ಪುನೀರನ್ನೂ ಆಲ್ಬುಮಿನ್ ಎಂಬ ಪ್ರೋಟೀನನ್ನೂ ಮಾತ್ರ ತುಂಬಿದರು. ಅಷ್ಟರಿಂದಲೇ ಸ್ನಾಯುವಿನ ದುರಸ್ತಿ ಸುಧಾರಿಸಿತು. ಎಳೆಯದರಲ್ಲಿ ಏನೋ ಸೇರಿದೆ ಎಂಬುದಕ್ಕಿಂತ ಮುದಿಯದರಲ್ಲಿ ತಡೆಯೊಡ್ಡುವ ವಸ್ತುಗಳು ಕೂಡಿಕೊಂಡಿವೆ ಎಂಬುದೇ ಹೆಚ್ಚು ಸಂಭವನೀಯವೆಂದು ಇದರಿಂದ ತೋರುತ್ತದೆ. ಎಳೆಯರ ರಕ್ತದ್ರವವನ್ನು ಹಣಕ್ಕೆ ಮಾರುವ ಚಿಕಿತ್ಸೆಗಳ ವಿರುದ್ಧ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು 2019ರಲ್ಲಿಯೇ ಎಚ್ಚರಿಕೆ ಕೊಟ್ಟಿದೆ.

ನೆಲವೊಂದರದೇ ತಪ್ಪೆಂದೂ ಸಾಧಿಸಲಾಗದು. ಇಪ್ಪತ್ತೆಂಟು ತಿಂಗಳು ದಾಟಿದ, ಎಂದರೆ ತಮ್ಮ ಜಾತಿಯಲ್ಲಿ ಅತಿ ವೃದ್ಧವಾದ ಇಲಿಗಳ ಆಕರಕೋಶಗಳು ಎಳೆಯ ದೇಹಕ್ಕೆ ಹೋದರೂ ಚೇತರಿಸಿಕೊಳ್ಳವೆಂದು 2014ರಲ್ಲಿ ಸ್ಪೇನಿನ ತಂಡವೊಂದು ತೋರಿಸಿತು. ನಿದ್ರೆಯಲ್ಲಿದ್ದ ಆ ಕೋಶಗಳು ಮರಳಿ ಏಳಲಾರದ ಜಡಸ್ಥಿತಿಗೆ ಜಾರಿದ್ದವು. ಆದುದರಿಂದ ಸಿದ್ಧಾಂತವನ್ನು ಹೀಗೆ ಹೇಳುವುದು ಉಚಿತ: ಮುಪ್ಪಿನಲ್ಲಿ ಮೊದಲು ಕೆಡುವುದು ನೆಲ, ನೆಲವನ್ನು ಬಹುಕಾಲ ಕೆಡಗೊಟ್ಟರೆ ಕೊನೆಗೆ ಬೀಜವೂ ಕೆಡುತ್ತದೆ. ಇವೆರಡರ ನಡುವೆ ಇರುವ ಕಾಲಾವಕಾಶ ಸಣ್ಣದಲ್ಲ.

ಒಂದು ಶಂಕೆ, ಅದರ ಸಮಾಧಾನ

ಇಲ್ಲಿ ಪೂರ್ವಪಕ್ಷವೊಂದು ಏಳಬಹುದು. ಹಿರಿಯರ ಸ್ನಾಯು ಸೊರಗುವುದೆಲ್ಲ ಈ ಆಕರಕೋಶಗಳ ದೋಷದಿಂದಲೇ? ಅಲ್ಲ. ವಯಸ್ಸಿನೊಡನೆ ಸ್ನಾಯು ಕರಗಿ ಬಲ ಕುಂದುವ ಸ್ಥಿತಿಗೆ 1980ರ ದಶಕದ ಕೊನೆಯಲ್ಲಿ ಅರ್ವಿನ್ ರೋಸೆನ್‌ಬರ್ಗ್ ಎಂಬವರು ‘ಸಾರ್ಕೊಪೀನಿಯ’ ಎಂಬ ಹೆಸರನ್ನಿತ್ತರು. ಗ್ರೀಕ್ ಭಾಷೆಯಲ್ಲಿ ಮಾಂಸದ ಕೊರತೆ ಎಂದು ಅರ್ಥ. ಅಮೆರಿಕದ ಕೆಂಟಕಿ ವಿಶ್ವವಿದ್ಯಾನಿಲಯದವರು 2015ರಲ್ಲಿ ಇಲಿಗಳಲ್ಲಿ ಯೌವನದಲ್ಲಿಯೇ ಉಪಗ್ರಹ ಕೋಶಗಳನ್ನು ಬಹುಪಾಲು ನಾಶಮಾಡಿ ಮುಪ್ಪಿನವರೆಗೆ ಗಮನಿಸಿದರು. ಆ ಇಲಿಗಳ ಸ್ನಾಯು ಇತರ ಇಲಿಗಳಿಗಿಂತ ಹೆಚ್ಚಾಗಿ ಕರಗಲಿಲ್ಲ. ಆದರೆ ಗಾಯವಾದಾಗ ದುರಸ್ತಿ ಮಾಡಿಕೊಳ್ಳುವ ಶಕ್ತಿ ಅವಕ್ಕಿರಲಿಲ್ಲ, ನಾರೂ ಹೆಚ್ಚಿತ್ತು. ಸ್ನಾಯು ಕರಗುವುದಕ್ಕೆ ಅದನ್ನು ಚಾಲಿಸುವ ನರಗಳ ನಾಶ, ಹಾರ್ಮೋನುಗಳ ಇಳಿತ, ಆಹಾರದ ಕೊರತೆ, ಎಲ್ಲಕ್ಕಿಂತ ಮಿಗಿಲಾಗಿ ಚಲನೆಯ ಅಭಾವ ಇವು ಕಾರಣಗಳು. ಹೀಗೆ ಕರಗುವಿಕೆ ಒಂದು, ಕೂಡಿಕೊಳ್ಳದಿರುವಿಕೆ ಇನ್ನೊಂದು. ಬಿದ್ದ ಹಿರಿಯರಲ್ಲಿ ಎರಡೂ ಒಟ್ಟಿಗೆ ಎದುರಾಗುತ್ತವೆ: ಕರಗಿದ ಸ್ನಾಯುವಿನಿಂದ ಬೀಳುತ್ತಾರೆ, ಕೂಡದ ಸ್ನಾಯುವಿನಿಂದ ಏಳಲಾರದಾಗುತ್ತಾರೆ.

ಹತ್ತು ದಿನ ಹಾಸಿಗೆ ಹಿಡಿದರೆ ಸಾಕು, ಪರಿಣಾಮ ಕಾಣುತ್ತದೆ. 2007ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಆರೋಗ್ಯವಂತರಾದ ಹಿರಿಯರು ಹತ್ತು ದಿನ ಹಾಸಿಗೆಯಲ್ಲಿಯೇ ಇದ್ದರು. ಅಷ್ಟರಲ್ಲಿ ಕಾಲುಗಳಿಂದಲೇ ಸುಮಾರು ಒಂದು ಕಿಲೋಗ್ರಾಂನಷ್ಟು ಕೊಬ್ಬಿಲ್ಲದ ಮಾಂಸ ಕರಗಿತ್ತು.

ತೊಂಬತ್ತರ ಪ್ರಾಯದವರ ಪಾಠ

ನೆಲವನ್ನು ಹದಗೊಳಿಸುವ ಉಪಾಯ ಯಾವುದು? ಅದರಲ್ಲಿ ಗುಟ್ಟೇನೂ ಇಲ್ಲ, ಅದು ಶ್ರಮ. 1990ರಲ್ಲಿ ಮರಿಯಾ ಫಿಯಟರೋನ್ ಎಂಬ ವೈದ್ಯೆ ಅಮೆರಿಕದ ವೃದ್ಧಾಶ್ರಮವೊಂದರಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಮಂದಿಯಿಂದ ಎಂಟು ವಾರಗಳ ಕಾಲ ಕಾಲಿನಿಂದ ಭಾರವನ್ನೆತ್ತುವ ಅಭ್ಯಾಸ ಮಾಡಿಸಿದರು. ಅಭ್ಯಾಸವನ್ನು ಪೂರೈಸಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು. ತೊಡೆಯ ಸ್ನಾಯುವಿನ ಗಾತ್ರವೂ ಶೇಕಡಾ 9ರಷ್ಟು ಬೆಳೆಯಿತು. 1994ರಲ್ಲಿ ನೂರು ಮಂದಿ ದುರ್ಬಲ ವೃದ್ಧರಲ್ಲಿ ಅದನ್ನೇ ದೊಡ್ಡದಾಗಿ ಪರೀಕ್ಷಿಸಿದಾಗ, ವ್ಯಾಯಾಮದಿಂದ ಬಲ ಬಂತು. ವ್ಯಾಯಾಮವಿಲ್ಲದೆ ಪುಷ್ಟಿಯ ಪಾನೀಯವನ್ನು ಮಾತ್ರ ಕುಡಿದವರಿಗೆ ಪ್ರಯೋಜನವಾಗಲಿಲ್ಲ.

ಆಕರಕೋಶಗಳ ಮೇಲೂ ಶ್ರಮದ ಪರಿಣಾಮವನ್ನು ನೇರವಾಗಿ ನೋಡಲಾಗಿದೆ. ಸರಾಸರಿ ಎಪ್ಪತ್ತೆರಡು ವಯಸ್ಸಿನ ಗಂಡಸರು ಹನ್ನೆರಡು ವಾರ ಭಾರ ಎತ್ತುವ ಅಭ್ಯಾಸ ಮಾಡಿದ ಮೇಲೆ ಅವರ ಚುರುಕಿನ ಎಳೆಗಳಲ್ಲಿ ಉಪಗ್ರಹ ಕೋಶಗಳು ಹೆಚ್ಚಿದುದನ್ನು 2009ರಲ್ಲಿ ಹಾಲೆಂಡಿನ ಸಂಶೋಧಕರು ವರದಿಮಾಡಿದರು. 2020ರಲ್ಲಿ ರ್‍ಯಾಂಡೊ ಅವರ ತಂಡವು, ಮುದಿ ಇಲಿಗಳು ಕೆಲವು ವಾರ ತಾವಾಗಿ ಚಕ್ರದ ಮೇಲೆ ಓಡಿದರೆ ಅವುಗಳ ಮಲಗಿದ್ದ ಆಕರಕೋಶಗಳು ಎಚ್ಚರಗೊಳ್ಳುವ ಚುರುಕನ್ನು ಮರಳಿ ಪಡೆಯುತ್ತವೆ ಎಂದು ತೋರಿಸಿತು. ಎಳೆಯರ ರಕ್ತ ಮಾಡಿದ ಕೆಲಸದ ಒಂದು ಪಾಲನ್ನು ಸ್ವಂತ ಓಟವೇ ಮಾಡಿತು.

ಇದಕ್ಕೆ ಬದಲಾಗಿ ಆಕರಕೋಶಗಳ ಸೂಜಿಮದ್ದಿನಿಂದ ಮುಪ್ಪು ನೀಗುವುದೆಂಬ ಜಾಹೀರಾತುಗಳು ಅಲ್ಲಲ್ಲಿ ಕಂಡುಬರುತ್ತವೆ. ಮುಪ್ಪಿನ ಸ್ನಾಯುವಿಗೆ ಅಂಥ ಅಂಗೀಕೃತ ಚಿಕಿತ್ಸೆ ಯಾವುದೂ ಇಲ್ಲ. ಅಂಗೀಕಾರವಿಲ್ಲದ ಆಕರಕೋಶ ಚಿಕಿತ್ಸೆಯನ್ನು ನಿಯಮಬದ್ಧ ಪ್ರಯೋಗದ ಹೊರಗೆ ನೀಡುವುದು ಅನೈತಿಕವೆಂದು ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯ 2017ರ ಮಾರ್ಗಸೂಚಿ ಹೇಳಿದೆ. ಹಿರಿಯರು ನಿವೃತ್ತಿಯ ಹಣವನ್ನು ಅಂಥ ಕಡೆ ಕಳೆದುಕೊಳ್ಳದಿರುವುದು ಲೇಸು.

ಶ್ರಮಕ್ಕೆ ಜೊತೆಯಾಗಿ ಆಹಾರವೂ ಬೇಕು. ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕೆಂಬುದು 2020ರ ಭಾರತೀಯ ಶಿಫಾರಸು. ಹಿರಿಯರಿಗೆ ಅದು 1ರಿಂದ 1.2 ಗ್ರಾಂ ಇರಬೇಕೆಂದು 2013ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗುಂಪೊಂದು ಹೇಳಿದೆ. ಅರವತ್ತು ಕಿಲೋ ತೂಕದವರಿಗೆ ದಿನಕ್ಕೆ 60ರಿಂದ 72 ಗ್ರಾಂ ಆಯಿತು. ಮೂತ್ರಪಿಂಡದ ದೋಷವಿರುವವರು ಮಾತ್ರ ವೈದ್ಯರ ಮಾತಿನಂತೆ ನಡೆಯಬೇಕು. ನೂರು ಗ್ರಾಂ ರಾಗಿಯಲ್ಲಿ ಇರುವ ಪ್ರೋಟೀನ್ ಸುಮಾರು 7 ಗ್ರಾಂ. ಅಷ್ಟೇ ಹುರುಳಿಯಲ್ಲಿ ಸುಮಾರು 22 ಗ್ರಾಂ. ಒಂದು ಲೋಟ ಹಾಲಿನಲ್ಲಿ 6ರಿಂದ 7 ಗ್ರಾಂ. ಕೋಲಾರದ ಕಡೆಯ ಮನೆಗಳಲ್ಲಿ ಹಲ್ಲಿಲ್ಲದ ಹಿರಿಯರಿಗೆ ಹುರುಳಿಯ ಕಟ್ಟಿನ ಸಾರನ್ನು ಬಡಿಸಿ ಕಾಳನ್ನು ಬಿಟ್ಟುಬಿಡುವುದುಂಟು. ರುಚಿಯೇನೋ ಕಟ್ಟಿನಲ್ಲಿ ಇಳಿದಿರುತ್ತದೆ, ಪುಷ್ಟಿಯ ಬಹುಭಾಗ ಕಾಳಿನಲ್ಲಿಯೇ ಉಳಿದಿರುತ್ತದೆ. ಕಾಳನ್ನು ನುಣ್ಣಗೆ ಅರೆದು ಸಾರಿಗೆ ಬೆರೆಸಿಕೊಟ್ಟರೆ ಹಿರಿಯರ ಪಾಲು ಹಿರಿಯರಿಗೆ ಸಲ್ಲುತ್ತದೆ.

ಹಿರಿಯರಿಗೆ ಸಲ್ಲಬೇಕಾದ ಗೌರವ

ಮನೆಯಲ್ಲಿ ವಯಸ್ಸಾದವರು ಏಳಹೊರಟರೆ ‘ನೀವು ಕುಳಿತಿರಿ, ಬೇಕಾದ್ದನ್ನು ತಂದುಕೊಡುತ್ತೇವೆ’ ಎನ್ನುವುದು ಒಳ್ಳೆಯ ಸಂಸ್ಕಾರವೆಂದು ಎಣಿಸಲಾಗಿದೆ. ಹುಟ್ಟಿದೂರಿನಲ್ಲಿ ನೀರು ಸೇದಿ, ಹೊಲ ಉತ್ತು, ಮೈಲಿಗಟ್ಟಲೆ ನಡೆದು ಬಾಳಿದವರು ಮಕ್ಕಳ ಪಟ್ಟಣದ ಮನೆಗೆ ಬಂದ ಒಂದೆರಡು ವರ್ಷಗಳಲ್ಲಿಯೇ ಕುಗ್ಗಿಹೋಗುವುದನ್ನು ಕಂಡವರು ಹಲವರು. ಆ ಮಾತಿನ ಹಿಂದಿರುವ ಪ್ರೀತಿ ದೊಡ್ಡದು. ಆದರೆ ಮೇಲೆ ವಿವರಿಸಿದ ಸಂಗತಿಗಳನ್ನು ನೋಡಿದರೆ, ಅದೇ ಪ್ರೀತಿ ಹಿರಿಯರ ಸ್ನಾಯುವಿಗೆ ತಲುಪಬೇಕಾದ ಕರೆಯನ್ನು ದಿನವೂ ತಡೆಯುತ್ತದೆ. ಎದ್ದು ನಿಲ್ಲುವುದು, ಮೆಟ್ಟಿಲು ಹತ್ತುವುದು, ಕೊಡ ಎತ್ತುವುದು, ಗಿಡಕ್ಕೆ ನೀರು ಹೊರುವುದು ಇವೇ ಆ ಕರೆಗಳು. ಮಾಡಿಕೊಡುವುದಕ್ಕಿಂತ ಮಾಡಗೊಡುವುದು ಅನೇಕ ವೇಳೆ ಹೆಚ್ಚಿನ ಸೇವೆಯಾಗುತ್ತದೆ.

ಅದಕ್ಕೆ ಯಂತ್ರಗಳು ಬೇಕಿಲ್ಲ. ಕೈಯೂರದೆ ಕುರ್ಚಿಯಿಂದ ಹತ್ತು ಬಾರಿ ಎದ್ದು ಕುಳಿತುಕೊಳ್ಳುವುದು, ಗೋಡೆಗೆ ಕೈಕೊಟ್ಟು ತಳ್ಳುವುದು, ಹಿಡಿಯ ಆಸರೆಯಿಂದ ಹಿಮ್ಮಡಿಯನ್ನೆತ್ತಿ ನಿಲ್ಲುವುದು, ಪ್ರತಿದಿನ ನಡೆಯುವುದು ಇಷ್ಟರಿಂದ ಆರಂಭಿಸಬಹುದು. ಶ್ರಮ ಸ್ವಲ್ಪಸ್ವಲ್ಪವಾಗಿ ಏರಬೇಕು. ಹೃದ್ರೋಗ, ಮೂಳೆಸವೆತ ಮೊದಲಾದವುಗಳಿರುವವರು ವೈದ್ಯರನ್ನು ಕೇಳಿ ಮುಂದುವರಿಯಬೇಕು. ಕಾಯಿಲೆಯಿಂದ ಹಾಸಿಗೆ ಹಿಡಿದವರನ್ನು ವೈದ್ಯರು ಒಪ್ಪಿದ ದಿನವೇ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಬೇಕು. ಬೆಳಗಿನ ಹೊತ್ತು ಬರಿದಾಗಿರುವ ಶಾಲೆಯ ಬಯಲುಗಳು ಊರಿನ ಹಿರಿಯರಿಗೂ ತೆರೆದಿರುವಂತಾದರೆ, ಅಲ್ಲಿ ವ್ಯಾಯಾಮ ಶಿಕ್ಷಕರು ವಾರಕ್ಕೆ ಎರಡು ದಿನ ಅವರಿಗೆ ಅಭ್ಯಾಸ ಹೇಳಿಕೊಡುವಂತಾದರೆ, ಆ ಕೆಲಸಕ್ಕೆ ತಗಲುವ ವೆಚ್ಚ ಅತ್ಯಲ್ಪ. ಅರವತ್ತು ವರ್ಷಗಳ ಕೆಳಗೆ ಅದೇ ಬಯಲಿನಲ್ಲಿ ಓಡಿದ ಕಾಲುಗಳು ಅವರಲ್ಲಿ ಅನೇಕರವು. ಆ ಕಾಲುಗಳಲ್ಲಿ ಇಂದಿಗೂ ಮಲಗಿರುವ ಕೋಶಗಳಿವೆ. ಕರೆದರೆ, ನಿಧಾನವಾಗಿಯಾದರೂ, ಅವು ಏಳುತ್ತವೆ.